ಆಟದೊಳಗೆ ಅಡಗಿದ ಹೆಸರು

ವಿಡಿಯೋ ಆಟವೆಂದರೆ ಮಕ್ಕಳ ಕಾಲಹರಣ, ಹೆಚ್ಚೆಂದರೆ ತರುಣರ ಗೀಳು ಎಂಬುದು ನಮ್ಮಲ್ಲಿ ಬಹುಮಂದಿ ಹಿರಿಯರ ಭಾವನೆ. ಆಡುವವನನ್ನು ಕುರಿತು ನಾವು ಬೇಕಾದಷ್ಟು ಮಾತನಾಡಿದ್ದೇವೆ. ಅವನ ಕಣ್ಣು ಕೆಡುತ್ತದೆಂದು, ಓದು ಹಿಂದೆ ಬೀಳುತ್ತದೆಂದು ಕಳವಳಪಟ್ಟಿದ್ದೇವೆ. ಆದರೆ ಆ ಆಟವನ್ನು ಮಾಡಿದವನೂ ಒಬ್ಬನಿದ್ದಾನೆ, ಅದೇ ಅವನ ಅನ್ನದ ದಾರಿ, ಅವನಿಗೂ ಹೆಂಡತಿ ಮಕ್ಕಳು, ಮಾನ ಮರ್ಯಾದೆಗಳಿವೆ ಎಂಬ ಕಡೆಗೆ ನಮ್ಮ ಗಮನ ಹರಿದದ್ದು ಕಡಮೆ. ಐವತ್ತು ವರ್ಷಗಳಿಗೂ ಮೀರಿದ ಈ ಉದ್ಯೋಗದ ಚರಿತ್ರೆಯನ್ನು ಸಾಹಿತ್ಯದ ವಿದ್ಯಾರ್ಥಿಯಾದ ನಾನು ಓದುತ್ತ ಹೋದಂತೆ, ಅದರಲ್ಲಿ ಮತ್ತೆ ಮತ್ತೆ ತಲೆಯೆತ್ತುವ ಒಂದು ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಅದು ಹೆಸರಿನ ಪ್ರಶ್ನೆ: ಮಾಡಿದ ಕೆಲಸದ ಮೇಲೆ ಮಾಡಿದವನ ಹೆಸರಿರಬೇಕೇ, ಬೇಡವೇ?

ಕನ್ನಡದ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ವಚನಕಾರರು ಅಂಕಿತವಿಟ್ಟು ಮಾತನಾಡಿದರು. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ತಾವು ಕಡೆದ ವಿಗ್ರಹಗಳ ಪಾದದಡಿಯಲ್ಲಿ ತಮ್ಮ ಹೆಸರುಗಳನ್ನು ಕೊರೆದರು. ಗುಡಿಯನ್ನು ಕಟ್ಟಿಸಿದ ದೊರೆಯೂ ದಂಡನಾಯಕನೂ ಅದಕ್ಕೆ ಅಡ್ಡಿ ಮಾಡಿದಂತೆ ಕಾಣುವುದಿಲ್ಲ. ಆದರೆ 1970ರ ದಶಕದ ಕ್ಯಾಲಿಫೋರ್ನಿಯಾದಲ್ಲಿ, ಜಗತ್ತಿನ ಅತ್ಯಂತ ಆಧುನಿಕವೆನಿಸಿದ ಒಂದು ಕುಶಲಕರ್ಮದಲ್ಲಿ, ಕುಶಲಕರ್ಮಿಗೆ ಈ ಸಣ್ಣ ಸ್ವಾತಂತ್ರ್ಯ ಇರಲಿಲ್ಲ. ಆ ಕಥೆಯಿಂದಲೇ ಆರಂಭಿಸುತ್ತೇನೆ.

ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ಎಂಬಿಬ್ಬರು 1972ರಲ್ಲಿ ಅಟಾರಿ ಎಂಬ ಕಂಪನಿಯನ್ನು ಸ್ಥಾಪಿಸಿದರು. ಅದೇ ವರ್ಷ ಅವರ ಎಂಜಿನಿಯರ್ ಅಲನ್ ಆಲ್ಕಾರ್ನ್ 'ಪಾಂಗ್' ಎಂಬ ಆಟದ ಯಂತ್ರವನ್ನು ತಯಾರಿಸಿದರು. ಪರದೆಯ ಮೇಲೆ ಎರಡು ಗೀಟು, ಒಂದು ಚುಕ್ಕೆ. ಗೀಟು ಬ್ಯಾಟು, ಚುಕ್ಕೆ ಚೆಂಡು. ಇಷ್ಟೇ ಆ ಆಟ. ನಾಣ್ಯ ಹಾಕಿ ಆಡುವ ಈ ಯಂತ್ರ ಅಂಗಡಿ, ಹೋಟೆಲುಗಳಲ್ಲಿ ಮನೆಮಾತಾಯಿತು. 1976ರಲ್ಲಿ ವಾರ್ನರ್ ಕಮ್ಯುನಿಕೇಷನ್ಸ್ ಎಂಬ ದೊಡ್ಡ ಮನರಂಜನಾ ಸಂಸ್ಥೆ ಸುಮಾರು 2.8 ಕೋಟಿ ಡಾಲರ್ ಕೊಟ್ಟು ಅಟಾರಿಯನ್ನು ಕೊಂಡಿತು. ಮರುವರ್ಷ, 1977ರಲ್ಲಿ, ಮನೆಯ ಟೀವಿಗೆ ಜೋಡಿಸಿ ಆಡುವ ಪೆಟ್ಟಿಗೆಯೊಂದು ಹೊರಬಂತು. ಅದರ ಬಾಯಿಗೆ ಬೇರೆ ಬೇರೆ ಕಾರ್ಟ್ರಿಜ್‌ಗಳನ್ನು ತೂರಿಸಿದರೆ ಬೇರೆ ಬೇರೆ ಆಟ. ಪೆಟ್ಟಿಗೆ ಒಂದು ಸಲ ಮಾರಾಟವಾದರೆ ಆಯಿತು, ಕಾರ್ಟ್ರಿಜ್‌ಗಳನ್ನು ಜನ ಮತ್ತೆ ಮತ್ತೆ ಕೊಳ್ಳುತ್ತಾರೆ. ಹೀಗೆ ಆಟವನ್ನು ಬರೆಯುವುದೇ ಒಂದು ಉದ್ಯೋಗವಾಯಿತು.

ಆ ಬರವಣಿಗೆ ಎಂಥದೆಂಬುದನ್ನು ಸ್ವಲ್ಪ ವಿವರಿಸಬೇಕು. ಅಟಾರಿ ಪೆಟ್ಟಿಗೆಯ ಕೆಲಸದ ನೆನಪು 128 ಬೈಟುಗಳು ಮಾತ್ರ. ಒಂದು ಬೈಟಿಗೆ ಒಂದು ರೋಮನ್ ಅಕ್ಷರವೆಂದು ಲೆಕ್ಕ ಹಿಡಿದರೆ ಒಂದು ಅಂಚೆ ಕಾರ್ಡು ತುಂಬುವಷ್ಟೂ ಇಲ್ಲ. ಇಡೀ ಆಟ, ಅದರ ಚಿತ್ರ, ಸದ್ದು, ನಿಯಮಗಳೆಲ್ಲ ಸೇರಿ, 4096 ಬೈಟುಗಳ ಕಾರ್ಟ್ರಿಜ್‌ನಲ್ಲಿ ಅಡಗಬೇಕು. ಒಂದು ಪರದೆಯ ಚಿತ್ರವನ್ನು ಪೂರ್ತಿಯಾಗಿ ಬರೆದಿಟ್ಟುಕೊಳ್ಳುವಷ್ಟು ಜಾಗವೂ ಯಂತ್ರದಲ್ಲಿರಲಿಲ್ಲ. ಟೀವಿಯ ಕಿರಣ ಎಡದಿಂದ ಬಲಕ್ಕೆ ಒಂದು ಗೆರೆ ಎಳೆಯುವಷ್ಟರಲ್ಲಿ ಯಂತ್ರಕ್ಕೆ ಸಿಕ್ಕುತ್ತಿದ್ದುದು 76 ಮಿಡಿತಗಳು. ಅಷ್ಟರೊಳಗೆ ಆ ಗೆರೆಯಲ್ಲಿ ಏನೇನು ಕಾಣಬೇಕೆಂಬುದನ್ನು ಪ್ರೋಗ್ರಾಮರ್ ನಿರ್ಧರಿಸಿ ಮುಗಿಸಿರಬೇಕು. ಹಾಕಿದ ರಂಗೋಲಿ ಹಾಕುತ್ತಿದ್ದಂತೆಯೇ ಅಳಿಸಿಹೋಗುತ್ತಿದ್ದರೆ, ಅದನ್ನು ಗೆರೆಗೆರೆಯಾಗಿ, ಸೆಕೆಂಡಿಗೆ ಅರವತ್ತು ಸಲ ಹೊಸದಾಗಿ ಹಾಕುತ್ತಲೇ ಇರಬೇಕಾದರೆ ಹೇಗೋ ಹಾಗೆ. ಒಂದು ಮಿಡಿತ ತಪ್ಪಿದರೆ ಚಿತ್ರ ಕದಡಿತು.

ಇಂಥ ಕೆಲಸವನ್ನು ಆಗ ಒಬ್ಬನೇ ಮಾಡುತ್ತಿದ್ದ. ಆಟದ ಕಲ್ಪನೆ ಅವನದು, ಚಿತ್ರ ಅವನದು, ಸದ್ದು ಅವನದು, ಬರೆದು ತಿದ್ದಿ ಪರೀಕ್ಷಿಸುವುದೂ ಅವನೇ. ಆರೆಂಟು ತಿಂಗಳ ಪರಿಶ್ರಮದ ಫಲವಾಗಿ ಒಂದು ಕಾರ್ಟ್ರಿಜ್ ಹೊರಬರುತ್ತಿತ್ತು. ಕವಿಗೂ ಕಾವ್ಯಕ್ಕೂ ಇರುವಷ್ಟೇ ನಿಕಟವಾದ ಸಂಬಂಧ ಅವನಿಗೂ ಅವನ ಆಟಕ್ಕೂ ಇತ್ತೆಂದರೆ ಉತ್ಪ್ರೇಕ್ಷೆಯಾಗದು. ಆದರೆ ಕಾರ್ಟ್ರಿಜ್‌ನ ಡಬ್ಬಿಯ ಮೇಲಾಗಲಿ, ಒಳಗಿನ ಕೈಪಿಡಿಯಲ್ಲಾಗಲಿ ಅವನ ಹೆಸರಿರುತ್ತಿರಲಿಲ್ಲ. ಅಟಾರಿ ಎಂಬ ಕಂಪನಿಯ ಹೆಸರೊಂದೇ ಇರುತ್ತಿತ್ತು.

1978ರ ಹೊತ್ತಿಗೆ ಬುಶ್ನೆಲ್ ಕಂಪನಿಯಿಂದ ಹೊರಬಿದ್ದರು. ಚುಕ್ಕಾಣಿ ರೇ ಕಸರ್ ಎಂಬವರ ಕೈಗೆ ಬಂತು. ಕಸರ್ ಜವಳಿ ಉದ್ಯಮದಲ್ಲಿ ನುರಿತು ಬಂದವರು, ವ್ಯಾಪಾರದಲ್ಲಿ ಸಮರ್ಥರು. ಅವರ ಕಾಲದಲ್ಲಿ ಅಟಾರಿಯ ಮಾರಾಟ ಹಲವು ಪಟ್ಟು ಬೆಳೆಯಿತೆಂಬುದನ್ನು ಒಪ್ಪಲೇಬೇಕು. ಆದರೆ ಬಟ್ಟೆಯ ಗಿರಣಿಯಲ್ಲಿ ನೇಯುವವನ ಹೆಸರನ್ನು ಟವೆಲಿನ ಮೇಲೆ ಯಾರೂ ಅಚ್ಚುಹಾಕುವುದಿಲ್ಲವಷ್ಟೆ. ಅದೇ ದೃಷ್ಟಿಯಿಂದ ಅವರು ಆಟ ಬರೆಯುವವರನ್ನೂ ಕಂಡರು. ಹೆಸರು ಹೊರಬಂದರೆ ಬೇರೆ ಕಂಪನಿಗಳು ಇವರನ್ನು ಸೆಳೆದುಕೊಳ್ಳುತ್ತವೆಂಬ ಲೆಕ್ಕಾಚಾರವೂ ಇದರ ಹಿಂದೆ ಇತ್ತು.

ಈ ನಡುವೆ ಕಂಪನಿಯ ಮಾರಾಟ ವಿಭಾಗ ಯಾವ ಯಾವ ಆಟ ಎಷ್ಟೆಷ್ಟು ಹಣ ತಂದಿತೆಂಬ ಪಟ್ಟಿಯೊಂದನ್ನು ಪ್ರೋಗ್ರಾಮರುಗಳಿಗೆ ಹಂಚಿತು. ಯಾವ ಬಗೆಯ ಆಟ ಬರೆಯಬೇಕೆಂದು ಅವರು ತಿಳಿಯಲಿ ಎಂಬುದು ಉದ್ದೇಶ. ಅವರು ಅದರಿಂದ ತಿಳಿದದ್ದು ಬೇರೆಯೇ. ಡೇವಿಡ್ ಕ್ರೇನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕಪ್ಲನ್ ಎಂಬ ನಾಲ್ವರು ಕೂಡಿ ಲೆಕ್ಕ ಹಾಕಿದರು. ಕ್ರೇನ್ ಅವರು ಮುಂದೆ ಹೇಳಿಕೊಂಡಿರುವಂತೆ, ಹತ್ತು ಕೋಟಿ ಡಾಲರಿನ ಕಾರ್ಟ್ರಿಜ್ ಮಾರಾಟದಲ್ಲಿ ಸುಮಾರು ಆರು ಕೋಟಿ ಈ ನಾಲ್ವರ ಆಟಗಳಿಂದಲೇ ಬಂದಿತ್ತು. ಅವರ ಸಂಬಳ ತಲೆಗೆ ವರ್ಷಕ್ಕೆ ಮೂವತ್ತು ಸಾವಿರ ಡಾಲರನ್ನೂ ಮುಟ್ಟುತ್ತಿರಲಿಲ್ಲ. ಪುಸ್ತಕ ಬರೆದವನಿಗೆ, ಹಾಡು ಹಾಡಿದವನಿಗೆ ಸಲ್ಲುವಂತೆ ತಮಗೂ ಹೆಸರು ಮತ್ತು ಗೌರವಧನ ಸಲ್ಲಬೇಕೆಂದು ಕಸರ್ ಅವರಲ್ಲಿ ಕೇಳಿದರು. ಕಾರ್ಟ್ರಿಜ್‌ಗಳನ್ನು ಜೋಡಿಸುವ ಕೆಲಸಗಾರರಿಗಿಂತ ನೀವು ಹೆಚ್ಚೇನೂ ಅಲ್ಲ ಎಂಬರ್ಥದ ಉತ್ತರ ಬಂತೆಂದು ಕ್ರೇನ್ ನೆನೆದಿದ್ದಾರೆ. ಈ ಉತ್ತರದಲ್ಲಿ ಎರಡು ಅನ್ಯಾಯಗಳಿವೆ ಎಂದು ನನಗೆ ತೋರುತ್ತದೆ. ಒಂದು, ಪ್ರೋಗ್ರಾಮರಿಗೆ ಆದದ್ದು. ಇನ್ನೊಂದು, ಜೋಡಿಸುವ ಕೆಲಸಗಾರ ಏನೂ ಅಲ್ಲವೆಂದು ಮೊದಲೇ ತೀರ್ಮಾನಿಸಿಕೊಂಡದ್ದು. ಎರಡನೆಯದನ್ನು ಆಗ ಯಾರೂ ಗಮನಿಸಲಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ನಾಲ್ವರೂ ಕೆಲಸ ಬಿಟ್ಟರು. ಸಂಗೀತದ ಧ್ವನಿಮುದ್ರಿಕೆಗಳ ವ್ಯಾಪಾರ ತಿಳಿದಿದ್ದ ಜಿಮ್ ಲೀವಿ ಎಂಬವರೊಡನೆ ಸೇರಿ 1979ರ ಅಕ್ಟೋಬರಿನಲ್ಲಿ ಆಕ್ಟಿವಿಷನ್ ಎಂಬ ತಮ್ಮದೇ ಕಂಪನಿಯನ್ನು ಕಟ್ಟಿದರು. ಅದಕ್ಕೆ ಮುನ್ನ, ಪೆಟ್ಟಿಗೆ ಮಾಡಿದವನೇ ಅದರ ಆಟವನ್ನೂ ಮಾಡಬೇಕೆಂಬುದು ಪ್ರಕೃತಿನಿಯಮವೆಂಬಂತೆ ನಡೆದುಬಂದಿತ್ತು. ಅಟಾರಿ ನ್ಯಾಯಾಲಯಕ್ಕೆ ಹೋಯಿತು. 1982ರಲ್ಲಿ ರಾಜಿಯಾಗಿ, ಸ್ವತಂತ್ರವಾಗಿ ಆಟ ಬರೆದು ಮಾರುವ ವೃತ್ತಿಗೆ ದಾರಿ ತೆರೆಯಿತು.

ಈ ನಾಲ್ವರು ಬಾಗಿಲು ತೆರೆದು ಹೊರನಡೆದರು. ಅದೇ ಕಚೇರಿಯಲ್ಲಿದ್ದ ಇನ್ನೊಬ್ಬ ತರುಣ ಬೇರೆ ಉಪಾಯ ಹೂಡಿದ. ಅವನ ಹೆಸರು ವಾರೆನ್ ರಾಬಿನೆಟ್. ಕಂಪ್ಯೂಟರಿನಲ್ಲಿ ಬರೀ ಮಾತುಗಳ ಮೂಲಕ ಗುಹೆಯೊಂದನ್ನು ಸುತ್ತಿಸುವ ಆಟವನ್ನು ಆತ ಕಂಡಿದ್ದ. ಅದನ್ನು ಚಿತ್ರಗಳಲ್ಲಿ, ಈ ಪುಟ್ಟ ಪೆಟ್ಟಿಗೆಯಲ್ಲಿ ತರಬೇಕೆಂದು ಹೊರಟ. ಆಗದ ಕೆಲಸ, ಬಿಟ್ಟುಬಿಡು ಎಂದರು ಮೇಲಿನವರು. ಆತ ಬಿಡಲಿಲ್ಲ. ಹೀಗೆ ಹುಟ್ಟಿದ್ದು 'ಅಡ್ವೆಂಚರ್'. ಮೂರು ಕೋಟೆಗಳು, ಮೂರು ಡ್ರ್ಯಾಗನ್‌ಗಳು, ಕಳೆದುಹೋದ ಒಂದು ಪಾನಪಾತ್ರೆ, ಕೈಯಲ್ಲಿದ್ದುದನ್ನು ಕಸಿದುಕೊಂಡು ಹಾರುವ ಒಂದು ಬಾವಲಿ. ಒಂದು ಪರದೆಯಲ್ಲಿ ಮುಗಿಯುತ್ತಿದ್ದ ಆಟಗಳ ಕಾಲದಲ್ಲಿ, ಕೋಣೆಯಿಂದ ಕೋಣೆಗೆ ನಡೆದು ಹೋಗಬಹುದಾದ ಒಂದು ಲೋಕವನ್ನೇ ಆತ 4096 ಬೈಟುಗಳಲ್ಲಿ ಹಿಡಿಸಿದ್ದ.

ಆ ಕೋಣೆಗಳ ನಡುವೆ ಯಾರಿಗೂ ಹೇಳದೆ ಇನ್ನೊಂದು ಕೋಣೆಯನ್ನು ಕಟ್ಟಿದ. ಹಿನ್ನೆಲೆಯ ಬಣ್ಣದಲ್ಲಿಯೇ ಕರಗಿಹೋಗುವ ಒಂದು ಬೂದು ಚುಕ್ಕೆಯನ್ನು ಆಟಗಾರ ಹುಡುಕಬೇಕು. ಅದನ್ನು ಎತ್ತಿಕೊಂಡು ಸರಿಯಾದ ಜಾಗಕ್ಕೆ ತಂದರೆ ಗೋಡೆ ದಾರಿ ಬಿಡುತ್ತದೆ. ಒಳಗೆ ಹೋದರೆ, ಬಣ್ಣ ಬದಲಿಸುತ್ತ ಮಿನುಗುವ ಅಕ್ಷರಗಳಲ್ಲಿ, ಇದನ್ನು ರಚಿಸಿದವನು ವಾರೆನ್ ರಾಬಿನೆಟ್ ಎಂಬ ಒಂದು ಸಾಲು. ಕಾರ್ಟ್ರಿಜ್‌ನ ಜಾಗದಲ್ಲಿ ಸುಮಾರು ನೂರಕ್ಕೆ ಐದು ಪಾಲನ್ನು ಈ ಹೆಸರೇ ನುಂಗಿತ್ತೆಂದು ಆತ ಹೇಳಿದ್ದಾರೆ. ಬೈಟು ಬೈಟಿಗೂ ಪರದಾಡುತ್ತಿದ್ದವನು ತನ್ನ ಹೆಸರಿಗಾಗಿ ಅಷ್ಟು ಜಾಗ ತೆತ್ತನೆಂದರೆ, ಒಳಗಿನ ಉರಿ ಎಷ್ಟಿದ್ದೀತು! ಆಟ ಸುಮಾರು ಹತ್ತು ಲಕ್ಷ ಪ್ರತಿ ಮಾರಾಟವಾಯಿತು. ಒಂದಕ್ಕೆ 25 ಡಾಲರ್ ಬೆಲೆ. ಬರೆದವರ ವಾರ್ಷಿಕ ಸಂಬಳ 22,000 ಡಾಲರ್; ಗೌರವಧನ ಸೊನ್ನೆ.

ರಾಬಿನೆಟ್ ಈ ಗುಟ್ಟನ್ನು ಸಹೋದ್ಯೋಗಿಗಳಿಗೂ ತಿಳಿಸದೆ 1979ರಲ್ಲಿ ಕೆಲಸ ಬಿಟ್ಟು ಹೋದರು. ಆಟ ಅಂಗಡಿಗಳಿಗೆ ಬಂದ ಮೇಲೆ ಸಾಲ್ಟ್ ಲೇಕ್ ಸಿಟಿಯ ಹದಿನೈದು ವರ್ಷದ ಹುಡುಗನೊಬ್ಬ ಆ ಕೋಣೆಯನ್ನು ಕಂಡುಹಿಡಿದು ಕಂಪನಿಗೆ ಕಾಗದ ಬರೆದ. ಅಟಾರಿಯಲ್ಲಿ ತಬ್ಬಿಬ್ಬಾಯಿತು. ಹೆಸರನ್ನು ಕಿತ್ತು ಹೊಸ ಪ್ರತಿ ತೆಗೆಯಲು ಸಾವಿರಾರು ಡಾಲರ್ ಖರ್ಚೆಂದು ಲೆಕ್ಕವಾಯಿತು. ಆಗ ಸ್ಟೀವ್ ರೈಟ್ ಎಂಬ ಅಧಿಕಾರಿ ಜಾಣತನದ ಮಾತಾಡಿದರು: ಇರಲಿ ಬಿಡಿ, ಈಸ್ಟರ್ ಹಬ್ಬದಲ್ಲಿ ಮಕ್ಕಳು ತೋಟದಲ್ಲಿ ಬಚ್ಚಿಟ್ಟ ಮೊಟ್ಟೆಗಳನ್ನು ಹುಡುಕುವಂತೆ ಆಟಗಾರರು ಇಂಥದನ್ನು ಹುಡುಕಲಿ. ಇಂದು ಆಟಗಳಲ್ಲಿಯೂ ಸಿನಿಮಾಗಳಲ್ಲಿಯೂ ಅಡಗಿಸಿಟ್ಟ ತಮಾಷೆಗಳಿಗೆಲ್ಲ 'ಈಸ್ಟರ್ ಎಗ್' ಎಂಬ ಹೆಸರು ನಿಂತದ್ದು ಹೀಗೆ. ಒಬ್ಬ ನೌಕರನ ಪ್ರತಿಭಟನೆಯನ್ನು ಕಂಪನಿ ಮಾರಾಟದ ಸರಕಾಗಿ ಮಾಡಿಕೊಂಡಿತು.

ಚರಿತ್ರೆಯ ದೃಷ್ಟಿಯಿಂದ ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಹೆಸರನ್ನು ಅಡಗಿಸಿಟ್ಟವರಲ್ಲಿ ರಾಬಿನೆಟ್ ಅವರೇ ಮೊದಲಿಗರೆಂದು ಬಹುಕಾಲ ನಂಬಲಾಗಿತ್ತು. ಅಟಾರಿಯದೇ ಆದ 1977ರ 'ಸ್ಟಾರ್‌ಶಿಪ್ 1' ಎಂಬ ನಾಣ್ಯದ ಆಟದಲ್ಲಿ ಎಂಜಿನಿಯರ್ ರಾನ್ ಮಿಲ್ನರ್ ತಮ್ಮ ಹೆಸರಿಗೆ ಒಂದು ನಮಸ್ಕಾರವನ್ನು ಅಡಗಿಸಿಟ್ಟಿದ್ದರೆಂಬುದು 2017ರಲ್ಲಿ ಬೆಳಕಿಗೆ ಬಂತು. ನಲವತ್ತು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ! ಮಣ್ಣಿನಡಿಯಲ್ಲಿದ್ದ ಶಾಸನವೊಂದು ಸಿಕ್ಕಿ ಕಾಲನಿರ್ಣಯ ಹಿಂದಕ್ಕೆ ಸರಿಯುವುದು ನಮ್ಮ ವಿದ್ವಾಂಸರಿಗೆ ಪರಿಚಿತ ಅನುಭವ. ಮೊದಲಿಗನಾರೆಂಬುದಕ್ಕಿಂತ ನನಗೆ ಮುಖ್ಯವೆನಿಸುವುದು, ಒಂದೇ ಸೂರಿನಡಿಯಲ್ಲಿ ಬೇರೆ ಬೇರೆ ವಿಭಾಗಗಳಲ್ಲಿದ್ದ ಇಬ್ಬರಿಗೂ ಇದೇ ಕೆಲಸ ಮಾಡಬೇಕೆನಿಸಿತೆಂಬುದು.

ಇತ್ತ ಆಕ್ಟಿವಿಷನ್ ತನ್ನ ಆಟಗಳ ಡಬ್ಬಿಯ ಮೇಲೆ ಬರೆದವರ ಹೆಸರನ್ನು ಅಚ್ಚುಹಾಕಿತು. ಕೈಪಿಡಿಯಲ್ಲಿ ಅವರ ಭಾವಚಿತ್ರ, ಅವರದೇ ಮಾತಿನಲ್ಲಿ ಆಟದ ಕೆಲವು ಸೂಕ್ಷ್ಮಗಳು. ಇಂತಿಷ್ಟು ಅಂಕ ಗಳಿಸಿದ ಮಕ್ಕಳು ಟೀವಿಯ ಪರದೆಯ ಫೋಟೋ ತೆಗೆದು ಕಳಿಸಿದರೆ ಅಂಗಿಗೆ ಹೊಲಿದುಕೊಳ್ಳುವ ಬಟ್ಟೆಯ ಬಿಲ್ಲೆಯೊಂದು ಅಂಚೆಯಲ್ಲಿ ಬರುತ್ತಿತ್ತು. ಓದುಗ ಲೇಖಕನಿಗೆ ಬರೆಯುವಂತೆ ಆಡುವವರು ಮಾಡಿದವರಿಗೆ ಬರೆಯತೊಡಗಿದರು. 1982ರಲ್ಲಿ ಬಂದ ಕ್ರೇನ್ ಅವರ 'ಪಿಟ್‌ಫಾಲ್' ನಲವತ್ತು ಲಕ್ಷ ಪ್ರತಿಗಳನ್ನು ಮೀರಿತು. ಅದರ ಕಲ್ಪನೆಗೆ ಹಿಡಿದದ್ದು ಹತ್ತು ನಿಮಿಷ, ಬರೆಯಲು ಹಿಡಿದದ್ದು ಸುಮಾರು ಸಾವಿರ ಗಂಟೆ ಎಂದು ಅವರು ಹೇಳಿದ್ದುಂಟು.

ಅದೇ ವರ್ಷ ಅದೇ ಕಂಪನಿಯಿಂದ ಬಂದ 'ರಿವರ್ ರೇಡ್' ಆಟದ ಡಬ್ಬಿಯ ಮೇಲಿದ್ದುದು ಕ್ಯಾರೊಲ್ ಶಾ ಎಂಬ ಮಹಿಳೆಯ ಹೆಸರು. ಬರ್ಕ್ಲಿಯಲ್ಲಿ ಓದಿದ ಈಕೆ 1978ರಲ್ಲಿ ಅಟಾರಿಗೆ ಸೇರಿದ್ದರು. ಹೆಣ್ಣುಮಗಳೊಬ್ಬಳು ಬಂದಳಲ್ಲ, ಇನ್ನು ಬಣ್ಣ ಹೊಂದಿಸುವ, ಮನೆಯ ಒಳಾಂಗಣ ಅಲಂಕರಿಸುವ ಆಟಗಳನ್ನು ಮಾಡಬಹುದು ಎಂಬ ಮಾತನ್ನು ಅಲ್ಲಿ ಮೇಲಿನವರಿಂದ ಕೇಳಬೇಕಾಯಿತೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಮಾಡಿದ್ದು ಯುದ್ಧವಿಮಾನದ ಆಟ. ಮೈಲುಗಟ್ಟಲೆ ಹರಿಯುವ ನದಿ, ಅದರ ತಿರುವು, ನಡುಗಡ್ಡೆ, ಸೇತುವೆಗಳನ್ನು ನಾಲ್ಕು ಸಾವಿರ ಬೈಟುಗಳಲ್ಲಿ ಬರೆದಿಡುವುದು ಸಾಧ್ಯವೇ ಇರಲಿಲ್ಲ. ಆದ್ದರಿಂದ ಅವರು ನದಿಯನ್ನು ಬರೆಯದೆ, ನದಿಯನ್ನು ಹುಟ್ಟಿಸುವ ಒಂದು ಗಣಿತಸೂತ್ರವನ್ನು ಬರೆದರು. ನೋಡಲು ಯದೃಚ್ಛೆಯಾಗಿ ತೋರುವ ಆ ಹರಿವು ಪ್ರತಿಸಲವೂ ಅದೇ ತಿರುವುಗಳಲ್ಲಿ ಹರಿಯುತ್ತದೆ. ಕೆಲವೇ ವರ್ಷ ಈ ವೃತ್ತಿಯಲ್ಲಿದ್ದು ಶಾ ಅವರು 1984ರಲ್ಲಿ ಅದನ್ನು ಬಿಟ್ಟು ಬೇರೆ ಕಂಪ್ಯೂಟರ್ ಕೆಲಸಕ್ಕೆ ಹೋದರು. ಡಬ್ಬಿಯ ಮೇಲೆ ಹೆಸರಿದ್ದುದರಿಂದಲೇ ಇಂದು ನಾವು ಅವರನ್ನು ಗುರುತಿಸಬಲ್ಲೆವು. ಹೆಸರಿಲ್ಲದ ಕಡೆ ದುಡಿದ ಎಷ್ಟು ಜನ ಹೆಣ್ಣುಮಕ್ಕಳು ಚರಿತ್ರೆಯಿಂದ ಜಾರಿಹೋದರೋ!

ಅವರು ವೃತ್ತಿ ಬಿಟ್ಟ ಕಾಲವನ್ನು ಗಮನಿಸಬೇಕು. ಅಮೆರಿಕದಲ್ಲಿ ಈ ಉದ್ಯಮವೇ ಆಗ ಕುಸಿದುಬಿದ್ದಿತ್ತು. ಲಾಭದ ಆಸೆಗೆ ಕಂಪನಿಗಳು ಸರಿಯೋ ತಪ್ಪೋ ನೋಡದೆ ಆಟಗಳನ್ನು ಅಂಗಡಿಗೆ ಸುರಿದವು. 1982ರಲ್ಲಿ 'ಇ.ಟಿ.' ಸಿನಿಮಾವನ್ನು ಆಟವಾಗಿಸುವ ಕೆಲಸ ಅಟಾರಿಯ ಹೊವರ್ಡ್ ಸ್ಕಾಟ್ ವಾರ್ಶಾ ಅವರಿಗೆ ಬಂತು. ಕ್ರಿಸ್‌ಮಸ್ ವ್ಯಾಪಾರಕ್ಕೆ ಸಿದ್ಧವಾಗಬೇಕು. ಕೊಟ್ಟ ಅವಧಿ ಸುಮಾರು ಐದು ವಾರ. ತಿಂಗಳುಗಟ್ಟಲೆ ಬೇಡುವ ಕೆಲಸವನ್ನು ಅವರು ಐದು ವಾರದಲ್ಲಿ ಮುಗಿಸಿಕೊಟ್ಟರು. ಕೊಂಡವರು ಬೇಸತ್ತು ಹಿಂತಿರುಗಿಸಿದರು. 1983ರಲ್ಲಿ ಅಟಾರಿಗೆ ಐವತ್ತು ಕೋಟಿ ಡಾಲರಿಗೂ ಮೀರಿದ ನಷ್ಟ. ಆ ಸೆಪ್ಟೆಂಬರಿನಲ್ಲಿ ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ಲಾರಿಗಳಲ್ಲಿ ತುಂಬಿಸಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಎಂಬ ಊರಿನ ಕಸದ ಹೊಂಡದಲ್ಲಿ ಹೂಳಿದರು. ಇದು ಕಟ್ಟುಕಥೆಯೆಂದು ನಂಬದವರೂ ಇದ್ದರು. 2014ರ ಏಪ್ರಿಲಿನಲ್ಲಿ ಅಗೆದಾಗ ಕಾರ್ಟ್ರಿಜ್‌ಗಳು ನಿಜವಾಗಿಯೂ ಸಿಕ್ಕಿದವು. ವಾರ್ಶಾ ಅವರೂ ಅಲ್ಲಿಗೆ ಬಂದು ನೋಡಿದರು. ಅಷ್ಟರಲ್ಲಿ ಅವರು ಮನೋಚಿಕಿತ್ಸಕರಾಗಿದ್ದರು. ಅವಧಿ ಗೊತ್ತುಮಾಡಿದವರ ಹೆಸರನ್ನು ಜನ ಮರೆತರು. ಸೋತ ಆಟದ ಜೊತೆಗೆ ಉಳಿದದ್ದು ಬರೆದವರ ಹೆಸರು. ಹೆಸರೆಂಬುದು ಎರಡು ಅಲಗಿನ ಕತ್ತಿ.

ಕುಸಿದ ಉದ್ಯಮವನ್ನು ಎತ್ತಿ ನಿಲ್ಲಿಸಿದ್ದು ಜಪಾನ್. ಅಲ್ಲಿಯೂ ಹೆಸರಿನ ಕಥೆ ಬೇರೆಯಾಗಿರಲಿಲ್ಲ. ಜಗತ್ತಿನ ಮೂಲೆಮೂಲೆಗೂ ಹೋದ 'ಪ್ಯಾಕ್-ಮ್ಯಾನ್' 1980ರಲ್ಲಿ ಬಂತು. ಅದನ್ನು ಕಲ್ಪಿಸಿದ ತೋರು ಇವಾಟಾನಿ ನಾಮ್ಕೋ ಕಂಪನಿಯ ಒಬ್ಬ ಸಂಬಳದ ನೌಕರ. ಮುಂದೆ ಎಷ್ಟೋ ಆಟಗಳ ಕೊನೆಯಲ್ಲಿ ಹೆಸರುಗಳ ಪಟ್ಟಿ ಬರತೊಡಗಿತಾದರೂ, ಕ್ಯಾಪ್ಕಾಮ್‌ನಂಥ ಕಂಪನಿಗಳಲ್ಲಿ ಅವು ನಿಜವಾದ ಹೆಸರುಗಳಾಗಿರಲಿಲ್ಲ. ಪ್ರತಿಸ್ಪರ್ಧಿಗಳು ಕೆಲಸಗಾರರನ್ನು ಸೆಳೆದಾರೆಂಬ ಹೆದರಿಕೆಯಿಂದ ಅಡ್ಡಹೆಸರುಗಳನ್ನೇ ಹಾಕುತ್ತಿದ್ದರು. ಇಂದು ಪ್ರಸಿದ್ಧರಾದ ಕೇಜಿ ಇನಾಫುನೆ ಅವರು 1987ರ 'ಮೆಗಾ ಮ್ಯಾನ್' ಆಟದ ಪಟ್ಟಿಯಲ್ಲಿ ಇರುವುದು 'ಇನಾಫ್‌ಕಿಂಗ್' ಎಂದು. ಸಂಗೀತ ಕೊಟ್ಟವರಾರು, ಚಿತ್ರ ಬರೆದವರಾರು ಎಂದು ತಿಳಿಯಲು ಸಂಶೋಧಕರು ಪಾಠಾಂತರ ನೋಡುವವರಂತೆ ಅಡ್ಡಹೆಸರುಗಳನ್ನು ಹೋಲಿಸುತ್ತ ಕೂರಬೇಕಾಗಿದೆ.

ಇಷ್ಟರಲ್ಲಿ ಕೆಲಸದ ಸ್ವರೂಪವೇ ಬದಲಾಯಿತು. ಯಂತ್ರದ ಶಕ್ತಿ ಬೆಳೆದಂತೆ ಒಬ್ಬನ ಕೈಯಲ್ಲಿದ್ದ ಆಟ ಹತ್ತು ಜನರ ಕೈಗೆ, ನೂರು ಜನರ ಕೈಗೆ, ಕೊನೆಗೆ ಸಾವಿರಾರು ಜನರ ಕೈಗೆ ಹೋಯಿತು. ಕಥೆ ಬರೆಯುವವರು, ಮುಖಗಳನ್ನು ರೂಪಿಸುವವರು, ಮರಗಿಡಗಳನ್ನೇ ನೋಡಿಕೊಳ್ಳುವವರು, ಹೆಜ್ಜೆಯ ಸದ್ದನ್ನು ಮುದ್ರಿಸುವವರು, ತಪ್ಪು ಹುಡುಕುವವರು ಹೀಗೆ ಕಸುಬು ಕವಲೊಡೆಯಿತು. ಕಾವ್ಯವಾಗಿದ್ದುದು ದೇವಸ್ಥಾನವಾಯಿತೆನ್ನಬಹುದು. ಹೆಸರಿನ ಪ್ರಶ್ನೆಯೂ ರೂಪ ಬದಲಿಸಿತು. ಪಟ್ಟಿ ಉಂಟು ನಿಜ. ಆದರೆ ಪಟ್ಟಿಯಲ್ಲಿ ಯಾರು ಸೇರಬೇಕು, ಯಾರು ಬಿಡಬೇಕು?

1982ರಲ್ಲಿ ಟ್ರಿಪ್ ಹಾಕಿನ್ಸ್ ಎಂಬವರು ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದಾಗ ಆಟ ಬರೆಯುವವರನ್ನು ಕಲಾವಿದರೆಂದೇ ಕರೆದರು; ಸಂಗೀತದ ತಟ್ಟೆಗಳಂತೆ ಆಟದ ಹೊದಿಕೆಯ ಮೇಲೆ ಅವರ ಹೆಸರನ್ನು ಮೆರೆಸಿದರು. ಇಪ್ಪತ್ತೆರಡು ವರ್ಷಗಳ ಅನಂತರ, 2004ರ ನವೆಂಬರಿನಲ್ಲಿ, ಅದೇ ಕಂಪನಿಯ ಉದ್ಯೋಗಿಯೊಬ್ಬರ ಭಾವೀ ಪತ್ನಿಯ ಬಹಿರಂಗ ಪತ್ರವೊಂದು ಜಗತ್ತಿನ ಕಣ್ಣಿಗೆ ಬಿತ್ತು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತರವರೆಗೆ, ವಾರದ ಏಳೂ ದಿನ, ಸರಾಸರಿ 85 ಗಂಟೆ ದುಡಿತ. ಹೆಚ್ಚಿನ ಗಂಟೆಗಳಿಗೆ ಹಣವಿಲ್ಲ, ಬದಲಿ ರಜೆಯಿಲ್ಲ. ಬರೆದಾಕೆ ತಮ್ಮ ಹೆಸರು ಹಾಕಿರಲಿಲ್ಲ. ಹಾಕಿದ್ದರೆ ಆ ಉದ್ಯೋಗಿಯ ಬದುಕಿಗೆ ಸಂಚಕಾರ. ಎರಿನ್ ಹಾಫ್‌ಮನ್ ಎಂಬ ಅವರ ಹೆಸರು ಹೊರಬಂದದ್ದು 2006ರಲ್ಲಿ. ಅಷ್ಟರಲ್ಲಿ ಇದೇ ದೂರಿನ ಮೇಲೆ ಕಂಪನಿಯ ವಿರುದ್ಧ ಹೂಡಿದ್ದ ದಾವೆಗಳು ರಾಜಿಯಲ್ಲಿ ಮುಗಿದಿದ್ದವು: ಚಿತ್ರಕಾರರಿಗೆ 1.56 ಕೋಟಿ ಡಾಲರ್, ಪ್ರೋಗ್ರಾಮರುಗಳಿಗೆ 1.49 ಕೋಟಿ. ಹೆಸರಿಲ್ಲದಿರುವುದು ಒಮ್ಮೆ ದುಡಿಯುವವನಿಗೆ ಹೊರಿಸಿದ ಶಿಕ್ಷೆ, ಇನ್ನೊಮ್ಮೆ ಅವನ ಏಕೈಕ ರಕ್ಷೆ. ಈ ವೃತ್ತಿಯ ವಿಚಿತ್ರ ಇದು.

ಹೆಸರಿನ ಹಂಬಲವನ್ನು ಕೀರ್ತಿಯ ಚಪಲವೆಂದು ತಳ್ಳಿಹಾಕುವವರಿದ್ದಾರೆ. ಅವರಿಗೆ 2011ರ 'ಎಲ್.ಎ. ನೊಯರ್' ಆಟದ ಉದಾಹರಣೆ ಕೊಡಬೇಕು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಸುಮಾರು ಏಳು ವರ್ಷ ನಡೆದ ಆ ಕೆಲಸದಲ್ಲಿ ದುಡಿದು ನಡುವೆ ಬಿಟ್ಟುಹೋದ ನೂರಕ್ಕೂ ಹೆಚ್ಚು ಜನರ ಹೆಸರು ಕೊನೆಯ ಪಟ್ಟಿಯಲ್ಲಿರಲಿಲ್ಲ. ಕೊನೆಯ ದಿನದವರೆಗೆ ಇದ್ದವರಿಗೆ ಮಾತ್ರ ಹೆಸರು ಎಂಬ ವಾಡಿಕೆ ಎಷ್ಟೋ ಕಡೆ ನಡೆದುಬಂದಿತ್ತು. ಮೂರು ವರ್ಷ ದುಡಿದವನು ಹೊಸ ಕೆಲಸ ಕೇಳಲು ಹೋದಾಗ, ಇಷ್ಟು ದಿನ ಏನು ಮಾಡಿದೆ ಎಂಬ ಪ್ರಶ್ನೆಗೆ ಅವನ ಬಳಿ ಪುರಾವೆಯಿಲ್ಲ. ಈ ಉದ್ಯಮದಲ್ಲಿ ಪಟ್ಟಿಯಲ್ಲಿನ ಹೆಸರೇ ಯೋಗ್ಯತಾಪತ್ರ. ಅದನ್ನು ಅಳಿಸುವುದೆಂದರೆ ಮುಂದಿನ ಅನ್ನವನ್ನು ಅಳಿಸುವುದು.

ಹಿಂದೆ ನಾನು ಎರಡನೆಯ ಅನ್ಯಾಯವೆಂದು ಸೂಚಿಸಿದ್ದಕ್ಕೆ ಈಗ ಬರಬಹುದು. ಆಟದ ಕೆಲಸದಲ್ಲಿ ಎಲ್ಲರಿಗಿಂತ ಕೆಳಗಿನ ಮೆಟ್ಟಿಲು ಪರೀಕ್ಷಕರದು. ಒಂದೇ ಬಾಗಿಲನ್ನು ನೂರು ಸಲ ತೆರೆದು ಮುಚ್ಚಿ, ಎಲ್ಲಿ ತಪ್ಪುತ್ತದೆಂದು ಬರೆದುಕೊಡುವವರು ಇವರು. ಕರಾರಿನ ಮೇಲೆ ಬಂದು ಕರಾರು ಮುಗಿದೊಡನೆ ಹೋಗುವವರೇ ಹೆಚ್ಚು. 2021ರ ಡಿಸೆಂಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ರೇವನ್ ಸಾಫ್ಟ್‌ವೇರ್ ಎಂಬಲ್ಲಿ ಇಂಥ ಹನ್ನೆರಡು ಮಂದಿಯನ್ನು ತೆಗೆಯಲು ನಿರ್ಧರಿಸಿದಾಗ ಉಳಿದವರು ಮುಷ್ಕರ ಹೂಡಿದರು. 2022ರ ಮೇ ತಿಂಗಳಲ್ಲಿ ಅಲ್ಲಿನ ಪರೀಕ್ಷಕರು 19ಕ್ಕೆ 3 ಮತಗಳಿಂದ ಸಂಘ ಕಟ್ಟಿಕೊಂಡರು. ರೇವನ್ ಯಾರ ಒಡೆತನದಲ್ಲಿತ್ತು ಗೊತ್ತೇ? ಬರೆದವರಿಗೆ ಹೆಸರಿರಬೇಕೆಂದು ನಾಲ್ವರು ಹೊರನಡೆದು ಕಟ್ಟಿದ ಅದೇ ಆಕ್ಟಿವಿಷನ್! 2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸುಮಾರು 6,900 ಕೋಟಿ ಡಾಲರಿಗೆ ಆ ಸಂಸ್ಥೆಯನ್ನು ಕೊಂಡಿತು. ನಾಲ್ಕು ತಿಂಗಳು ಕಳೆಯುವುದರೊಳಗೆ, 2024ರ ಜನವರಿಯಲ್ಲಿ, ಆಟದ ವಿಭಾಗದ 1,900 ಮಂದಿ ಕೆಲಸ ಕಳೆದುಕೊಂಡರು.

ಇದು ದೂರದ ದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 1997ರಲ್ಲಿಯೇ ಧ್ರುವ ಇಂಟರ್ಯಾಕ್ಟಿವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಭಾರತದಲ್ಲಿ ಈ ಕಸುಬಿಗೆ ಅಡಿಗಲ್ಲು ಹಾಕಿದವುಗಳಲ್ಲಿ ಅದೊಂದು. ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಚಿತ್ರಕೆಲಸ ಅಲ್ಲಿ ನಡೆಯಿತು. 'ಫೋರ್ಜಾ' ಎಂಬ ಕಾರು ಪಂದ್ಯದ ಆಟಗಳಿಗೆ ಕಾರುಗಳನ್ನು ರೂಪಿಸಿದವರಲ್ಲಿ ಇವರೂ ಸೇರಿದ್ದಾರೆ. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಳ್ಳುವುದಾಗಿ ಪ್ರಕಟಿಸಿತು. 2019ರಲ್ಲಿ ಅದು ಅಮೆರಿಕದ ರಾಕ್‌ಸ್ಟಾರ್ ಕೈಸೇರಿತು. ಜಗತ್ತು ಬೆರಗಾಗಿ ನೋಡುವ ಆಟಗಳ ಬೀದಿ, ಗೋಡೆ, ಗಾಡಿಗಳಲ್ಲಿ ಎಷ್ಟೋ ನಮ್ಮ ಊರಿನ ಹುಡುಗ ಹುಡುಗಿಯರ ಕೈಯಲ್ಲಿ ಮೂಡಿದಂಥವು.

ನನ್ನ ಬಂಧುವರ್ಗದ ತರುಣನೊಬ್ಬ ಇಂಥ ಗುತ್ತಿಗೆಯ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದಾನೆ. ಚಿತ್ರಕಲೆ ಓದಿದವನು. ಎರಡು ವರ್ಷದಿಂದ ಒಂದು ನಗರದ ಕಿಟಕಿ ಬಾಗಿಲುಗಳನ್ನು ಮಾಡುತ್ತಿದ್ದೇನೆ ಎಂದ. ಯಾವ ಆಟಕ್ಕಪ್ಪ ಎಂದು ಕೇಳಿದೆ. ಹೇಳುವ ಹಾಗಿಲ್ಲ ದೊಡ್ಡಪ್ಪ, ಕರಾರಿದೆ ಎಂದ. ಆಟ ಹೊರಬಂದ ಮೇಲೆ ನಿನ್ನ ಹೆಸರು ಇರುತ್ತದೆಯೇ ಎಂದೆ. ಕಂಪನಿಯ ಹೆಸರಿರುತ್ತದೆ, ನಮ್ಮದು ಇದ್ದರೂ ಇರಬಹುದು ಎಂದು ನಕ್ಕ. ಅವನಿಗೆ ಕೆಲಸದ ಮೇಲೆ ಪ್ರೀತಿಯಿದೆ. ಮರದ ಚೌಕಟ್ಟಿನಲ್ಲಿ ಮಳೆನೀರಿನ ಕಲೆ ಹೇಗೆ ಇಳಿದಿರಬೇಕೆಂದು ತಿಳಿಯಲು ಹಳೆಯ ಮನೆಗಳ ಮುಂದೆ ನಿಂತು ನೋಡುತ್ತಾನಂತೆ. ಇಷ್ಟು ನಿಷ್ಠೆಯಿಂದ ಕಟ್ಟಿದ ಕಿಟಕಿಗೆ ಒಡೆಯನಿದ್ದಾನೆ, ಶಿಲ್ಪಿ ಇಲ್ಲ ಎಂಬುದು ನನಗೆ ನುಂಗಲಾರದ ತುತ್ತಾಯಿತು.

ಈ ವೃತ್ತಿಗೆ ಹೋಗಬೇಡಿ ಎಂದು ಮಕ್ಕಳಿಗೆ ಹೇಳುವ ಅಧಿಕಾರ ನನಗಿಲ್ಲ. ಹೇಳಬೇಕೆಂಬ ಮನಸ್ಸೂ ಇಲ್ಲ. ಚಿತ್ರ, ಸಂಗೀತ, ಕಥೆ, ಗಣಿತ ಒಂದೆಡೆ ಕೂಡುವ ಕೆಲಸ ಲೋಕದಲ್ಲಿ ಹೆಚ್ಚಿಲ್ಲ. ಆದರೆ ಹೋಗುವವರು ಸಂಬಳವನ್ನು ವಿಚಾರಿಸುವಷ್ಟೇ ಜಾಗರೂಕತೆಯಿಂದ ಎರಡು ಮಾತುಗಳನ್ನು ವಿಚಾರಿಸಲಿ: ದಿನಕ್ಕೆ ಎಷ್ಟು ಹೊತ್ತು ದುಡಿಸುತ್ತೀರಿ, ಮುಗಿದ ಕೆಲಸದಲ್ಲಿ ನನ್ನ ಹೆಸರು ಇರುತ್ತದೆಯೇ. ಆಡುವವರಿಗೂ ನನ್ನದೊಂದು ಬಿನ್ನಹವಿದೆ. ಆಟ ಮುಗಿದ ಮೇಲೆ ಪರದೆಯ ಮೇಲೆ ಹೆಸರುಗಳು ಸಾಲಾಗಿ ಏರತೊಡಗುತ್ತವೆ. ಸಾಮಾನ್ಯವಾಗಿ ಆಗಲೇ ನಾವು ಗುಂಡಿಯೊತ್ತಿ ಎದ್ದುಬಿಡುತ್ತೇವೆ. ಒಂದು ಸಲವಾದರೂ ಕುಳಿತು ಕೊನೆಯವರೆಗೆ ಓದಿ. ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಆ ಪಟ್ಟಿಯ ಒಂದೊಂದು ಸಾಲಿಗೂ ಯಾರೋ ಎಲ್ಲೋ ಹೋರಾಡಿದ್ದಾರೆ.